ಹೊಸಾ ಗಾಡಿ ಓಡಿಸ್ಕೊಂಡು ಬರಬೇಕೋ, ಲಾರ್ಯಾಗ ಹೇರಿ ತರಬೇಕೋ?

ಹೋದ ಸಲ ಮಾವಿನಕಾಯಿ ಉಪ್ಪಿನಕಾಯಿ ಬಗ್ಗೆ ಬರದಿದ್ದೆ, ಈ ಸಲ ಮೋಟಾರ್ ಬಗ್ಗೆ ಬರೀತೀನಿ. ನಗಬ್ಯಾಡ್ರಿ. ಒಂದು ತಿಂಗಳಿಂದ ನಮ್ಮ ಮನ್ಯಾಗ ಬ್ಯಾರೆ ಮಾತ ಇಲ್ಲ. ನಮ್ಮ ಮೈದುನನ ಮಗ ದಿಲ್ಲ್ಯಾಗ ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರ್ ತಗೊಂಡಾನ. ಪೋರ್ಶೆ ಬಾಕ್ಸ್‌ಸ್ಟರ್ ಅಂತ ಅದರ ಹೆಸರು. ಇಬ್ಬರಿಗಷ್ಟ ಜಾಗಾ, ಮ್ಯಾಲಿನ ಹೊದಿಕಿ ತೆಗೀಬಹುದು, ಇಂಜಿನ್ ಕೂಡೂ ಸೀಟಿನ ಹಿಂದ. ಡಿಕ್ಕಿ ಮುಂದೊಂದು ಹಿಂದೊಂದು. ಎರಡೂ ಕೂಡಿಸಿದ್ರೂ ನಮ್ಮ ಒಂದು ಲಗ್ನದ ಗಂಟು ಹಿಡಸೂದಿಲ್ಲ.

ದಿಲ್ಲ್ಯಾಗ ಯಾಕ ಅಂತ ಕೇಳ್ತೀರೇನು? ಅಲ್ಲೆ 10 ವರ್ಷದ ಡೀಸೆಲ್ ಗಾಡಿ, 15 ವರ್ಷದ ಪೆಟ್ರೋಲ್ ಗಾಡಿ ಮ್ಯಾಲೆ ನಿರ್ಬಂಧ ಬಂದಾಗಿಂದ, ಆ ವಯಸ್ಸಿನ ಹತ್ರ ಬಂದ ಗಾಡಿ ಸೋವಿಗೆ ಸಿಗ್ತಾವಂತ. ಹುಡುಗ ಹನ್ನೊಂದು ವರ್ಷ ನೌಕರಿ ಮಾಡಿ ಕೂಡಿಸಿಟ್ಟ ರೊಕ್ಕ ಅದು. ಬ್ಯಾಂಕಿನ ಸಾಲ ಇಲ್ಲ, ಅಪ್ಪನ ಹೊಲ ಮಾರಿಲ್ಲ. ತಗೊಂಡದ್ದು ಸರಿಯೋ ತಪ್ಪೋ ಅನ್ನೂ ಮಾತು ಮುಗದೈತಿ, ಅದನ್ನ ಮತ್ತ ತಗೀಬಾರದು. ಈಗ ಉಳದಿದ್ದು ಒಂದ ಮಾತು: ಅದನ್ನ ಹುಬ್ಬಳ್ಳಿಗೆ ಹೆಂಗ ತರೂದು?

ಹುಡುಗ ಅಂತಾನ, "ನಾನ ಓಡಿಸ್ಕೊಂಡು ಬರ್ತೀನಿ ದೊಡ್ಡವ್ವಾ, ಅದರ ಸಲುವಾಗೆ ತಗೊಂಡೇನಿ." ನಮ್ಮ ನೆಗೆಣ್ಣಿ, ಅಂದ್ರ ಅವರವ್ವ, "ಲಾರ್ಯಾಗ ಹೇರಿ ಕಳಸಪಾ, ನಿನ್ನ ಕೈ ಮುಗೀತೀನಿ" ಅಂತಾಳ. ಗಂಡಸರು ಇಂಥಾ ಹೊತ್ತಿನ್ಯಾಗ ಪೇಪರ್ ಓದ್ಕೋತ ಕೂಡ್ತಾರ. ಕೇಳಿದ್ರ, "ಅವಂಗ ತಿಳೀತೈತಿ ಬಿಡು" ಅಂತಾರ.

ನನ್ನ ಅಭಿಪ್ರಾಯ ಮೊದಲ ಹೇಳಿಬಿಡ್ತೀನಿ. ಒಂದು ಹಗಲಿನ್ಯಾಗ ಮುಟ್ಟೂ ದಾರಿ ಇದ್ರ ಓಡಿಸ್ಕೊಂಡು ಬರ್ರಿ. ಅದಕ್ಕಿಂತ ದೂರ ಇದ್ರ ಲಾರ್ಯಾಗ ಹೇರ್ರಿ, ಕಡೀ ಒಂದು ಹಗಲಿನ ದಾರಿ ಬೇಕಾದ್ರ ನೀವು ಓಡಿಸ್ರಿ. ಯಾಕ ಅಂತ ಈಗ ಹೇಳ್ತೀನಿ.

ಮೊದಲ ರೊಕ್ಕದ ಲೆಕ್ಕ. ಎಲ್ಲಾರೂ ಲಾರಿ ತುಟ್ಟಿ, ಓಡಿಸೂದು ಸೋವಿ ಅಂತಾರ. ನಾ ಹಾಲಿನ ಲೆಕ್ಕ ಬರಿಯೂ ವಹಿ ಒಳಗ ಕೂಡಿಸಿ ನೋಡಿದೆ. ದಿಲ್ಲಿಯಿಂದ ಹುಬ್ಬಳ್ಳಿಗೆ ಹೆಚ್ಚುಕಡಿಮಿ 1,900 ಕಿಲೋಮೀಟರ್. ವಿಚಿತ್ರ ನೋಡ್ರಿ, ನಮ್ಮ ಊರ ಮುಂದ ಹಾದು ಹೋಗೂ 48ನೇ ನಂಬರ್ ಹೈವೇನ ದಿಲ್ಲಿಯಿಂದ ಹೊಂಟು ಜೈಪುರ, ಉದಯಪುರ, ಅಹಮದಾಬಾದ್, ಸೂರತ್, ಮುಂಬೈ, ಪುಣೆ ದಾಟಿ ಇಲ್ಲಿಗೆ ಬರ್ತೈತಿ; ಮುಂದ ಬೆಂಗಳೂರು, ಚೆನ್ನೈಗೆ ಹೋಗ್ತೈತಿ. ಆ ಗಾಡಿ ಲೀಟರಿಗೆ 9 ಕಿಲೋಮೀಟರ್ ಕೊಡ್ತೈತಿ ಅಂತ ಹಿಡಿದ್ರ 211 ಲೀಟರ್ ಪೆಟ್ರೋಲ್ ಆತು. ಲೀಟರಿಗೆ ನೂರು ರೂಪಾಯಿ ಹಿಡಿದ್ರೂ 21 ಸಾವಿರ. ಮೂರು ರಾತ್ರಿ ಲಾಡ್ಜಿಗೆ 9 ಸಾವಿರ, ಟೋಲ್ 3 ಸಾವಿರ, ಊಟಾ-ಚಹಾ 4 ಸಾವಿರ, ಇಬ್ಬರು ಹೋಗಾಕ ವಿಮಾನದ ಟಿಕೀಟು 14 ಸಾವಿರ. ಒಟ್ಟು 51 ಸಾವಿರ. ಲಾರಿಯವರು ನಮ್ಮ ಹುಡುಗಗ ಹೇಳಿದ ರೇಟು: ಏಳೆಂಟು ಗಾಡಿ ಕೂಡಿ ಬರೂ ತೆರೆದ ಲಾರಿಗೆ 25 ಸಾವಿರ, ಮುಚ್ಚಿದ ಕಂಟೇನರಿಗೆ 45 ಸಾವಿರ. ಅಂದ್ರ ಓಡಿಸ್ಕೊಂಡು ಬಂದ್ರ ಉಳಿತಾಯ ಅನ್ನೂದು ಬರೇ ಬಾಯಿಮಾತು. ರೊಕ್ಕದ ತಕ್ಕಡಿ ಒಳಗ ಲಾರಿದ ಪರಡಿ ಹಗರ ಐತಿ, ಇಲ್ಲಂದ್ರ ಸಮ ಐತಿ. ಅದಕ್ಕ ಈ ಜಗಳದಾಗ ರೊಕ್ಕದ ಮಾತು ಬದಿಗಿಡೂಣು.

ಹುಡುಗನ ಮಾತಿನ್ಯಾಗೂ ಹುರುಳಿಲ್ಲ ಅಂತ ನಾ ಅನ್ನೂದಿಲ್ಲ. ಅವ ಹೇಳೂದು, ಇಂಥಾ ಗಾಡಿ ಆನಂದ ಇರೂದ ಉದ್ದ ದಾರ್ಯಾಗ. ಹುಬ್ಬಳ್ಳಿ ಒಳಗ ಓಣಿಗೆ ನಾಕು ಹಂಪ್ ಅದಾವ, ಇಲ್ಲೆ ಅದರ ಹೊಟ್ಟಿ ಕೆರೀತೈತಿ. ಅದು ಖರೇನ. ಲಾರಿ ಏರಿಸೂವಾಗ ಇಳಿಸೂವಾಗ ಯಾರೋ ಗುರ್ತಿಲ್ಲದವರು ಅದರ ಸ್ಟೇರಿಂಗ್ ಹಿಡೀತಾರ ಅನ್ನೂ ಸಂಕಟಾನೂ ಖರೇ. ನಮ್ಮ ಓಣ್ಯಾಗ ಒಬ್ಬರು ಹೋದ ವರ್ಷ ಹಿಂಗ ಗಾಡಿ ತರಿಸಿದ್ರು, ಮುಂದಿನ ಬಂಪರ್ ಕೆಳಗ ಉದ್ದಕ ಗೀರು ಬಿದ್ದಿತ್ತು. ಲಾರಿಯವರು "ಅದು ಮೊದಲ ಇತ್ತು" ಅಂದ್ರು. ಇವರ ಹತ್ರ ಫೋಟೋ ಇರಲಿಲ್ಲ, ಮಾತು ಮುಗೀತು.

ಆದ್ರ ಹಳೇ ಗಾಡಿಯ ಮೊದಲನೇ ಪ್ರಯಾಣನ ಅದರ ಪರೀಕ್ಷಾ ಆಗಬಾರದು. ಹೊಸಾ ಕುಕ್ಕರ್ ತಂದ್ರ ಮೊದಲ ನೀರು ಹಾಕಿ ಸೀಟಿ ಹೊಡಸಿ ನೋಡ್ತೀವಿ, ಒಮ್ಮೆಲೆ ಐವತ್ತು ಮಂದಿ ಊಟಕ್ಕ ಇಡೂದಿಲ್ಲ. ಇಂಥಾ ಗಾಡಿ ಭಾಳ ದಿನಾ ಮುಚ್ಚಿಟ್ಟ ನಿಂತಿರ್ತಾವ. ನಿಂತ ಗಾಡಿ ಟಯರ್ ನೋಡಾಕ ಹೊಸದ ಕಂಡ್ರೂ ಒಳಗಿನ ರಬ್ಬರ್ ಬಿರುಸಾಗಿರ್ತೈತಿ. ನಿಮಗೊಂದು ಮಾತು ಹೇಳ್ತೀನಿ, ಮಸಾಲಿ ಪಾಕೀಟಿನ ಮ್ಯಾಲೆ ತಾರೀಖ ಇದ್ದಂಗ ಟಯರಿನ ಬದಿಗೂ ತಾರೀಖ ಇರ್ತೈತಿ. ಕಡೀ ನಾಕು ಅಂಕಿ ನೋಡ್ರಿ. 2318 ಅಂತಿದ್ರ 2018ನೇ ಇಸವಿಯ 23ನೇ ವಾರದಾಗ ಮಾಡಿದ್ದು. ನಾ ಹುಡುಗಗ ಫೋನಿನ್ಯಾಗ ಹೇಳಿದೆ, ಅವ ಫೋಟೋ ಕಳಿಸಿದ. ನಾಕರಾಗ ಎರಡು ಟಯರ್ 2017ರವು. ಇದನ್ನ ಹಾಕ್ಕೊಂಡು ವೈಶಾಖದ ಬಿಸಲಾಗ ರಾಜಸ್ಥಾನ ದಾಟೂದಂದ್ರ ಏನು ಹೇಳಬೇಕು? ಅದರ ಮ್ಯಾಲೆ ಇಂಥಾ ಭಾಳಷ್ಟು ಗಾಡಿಗೆ ಸ್ಟೆಪ್ನಿನ ಇರೂದಿಲ್ಲ. ಪಂಕ್ಚರ್ ಆದ್ರ ಒಳಗ ಅಂಟು ಬಿಟ್ಟು, ಸಣ್ಣ ಪಂಪಿಲೆ ಗಾಳಿ ತುಂಬಿ, ಮೆಲ್ಲಕ ಹತ್ರದ ಊರಿಗೆ ಹೋಗಬೇಕು. ಟಯರ್ ಸಿಡದು ಹೋದ್ರ ಆ ಅಂಟೂ ಕೆಲಸಕ್ಕ ಬರೂದಿಲ್ಲ. ಆ ಅಳತಿ ಟಯರ್ ಹೈವೇ ಬದಿ ಅಂಗಡ್ಯಾಗ ನೇತು ಹಾಕಿರೂದಿಲ್ಲ.

ಪೆಟ್ರೋಲಿನ ಮಾತೂ ಐತಿ. ಈಗ ಬಂಕಿನ್ಯಾಗ ಸಿಗೂದ್ರಾಗ ನೂರಕ್ಕ 20 ಎಥೆನಾಲ್ ಕೂಡಿಸಿರ್ತಾರ. ಹಳೇ ಗಾಡಿ ಪುಸ್ತಕದಾಗ ಏನು ಬರದೈತಿ ಅಂತ ನೋಡ್ಕೊಂಡು, ಬೇಕಾದದ್ದನ್ನ ಹಾಕಸಬೇಕು. ಊರಾಗ ಇದ್ರ ಒಂದ ಬಂಕಿಗೆ ಹೋಗಬಹುದು, ದಾರ್ಯಾಗ ಖಾಲಿ ಆದಲ್ಲೆ ಸಿಕ್ಕದ್ದನ್ನ ಹಾಕಸಬೇಕಾಗ್ತೈತಿ.

ಇನ್ನ ಕಾಗದಪತ್ರ. ಇಲ್ಲೇ ನಮ್ಮ ಹುಡುಗೂರು ಎಡವೂದು. ಗಾಡಿ ಹೆಸರು ಬದಲಿ ಮಾಡಾಕ ಫಾರ್ಮ್ 29, 30. ಬ್ಯಾರೆ ರಾಜ್ಯಕ್ಕ ತರಾಕ ನಿರಾಕ್ಷೇಪಣಾ ಪತ್ರಕ್ಕ ಫಾರ್ಮ್ 28. ಬ್ಯಾರೆ ರಾಜ್ಯದಾಗ 12 ತಿಂಗಳಿಗಿಂತ ಹೆಚ್ಚು ಇಟ್ಕೊಂಡ್ರ ಅಲ್ಲಿನ ನಂಬರ್ ಮಾಡಸಬೇಕು, ನಮ್ಮ ರಾಜ್ಯದ ತೆರಿಗಿ ಕಟ್ಟಬೇಕು; ಅದು ಸಣ್ಣ ಗಂಟಲ್ಲ. ಇವೆಲ್ಲಾ ಹೆಂಗ ತಂದ್ರೂ ಮಾಡಬೇಕಾದದ್ದು. ಆದ್ರ ಇನ್ಶೂರೆನ್ಸ್ ಮಾತ್ರ ಓಡಿಸ್ಕೊಂಡು ಬರೂದಿದ್ರ ಮೊದಲ ನೋಡಬೇಕು. ಗಾಡಿ ಕೈ ಬದಲಾದ 14 ದಿನದೊಳಗ ಇನ್ಶೂರೆನ್ಸ್ ತನ್ನ ಹೆಸರಿಗೆ ಮಾಡಿಸಾಕ ಅರ್ಜಿ ಕೊಡಬೇಕು. ಬ್ಯಾರೆಯವರಿಗೆ ಆದ ಲುಕ್ಸಾನಿನ ಭಾಗ ತಾನಾಗೆ ಹೊಸಬರಿಗೆ ಬರ್ತೈತಿ, ನಮ್ಮ ಗಾಡಿ ಲುಕ್ಸಾನಿನ ಭಾಗ ಹಂಗ ಬರೂದಿಲ್ಲ. ಹಳೇ ಮಾಲಕನ ಹೆಸರಿನ ಕಾಗದ ಹಿಡಕೊಂಡು ನಾಕು ರಾಜ್ಯ ದಾಟಿ ಬರೂವಾಗ ಏನಾರ ಆದ್ರ, ಹನ್ನೊಂದು ವರ್ಷದ ಗಳಿಕಿ ರಸ್ತಾದಾಗ ಬಿಟ್ಟು ಬಂದಂಗ. ಫಾಸ್ಟ್ಯಾಗೂ ಹಳೇ ಮಾಲಕಂದ ಇರ್ತೈತಿ, ಅದನ್ನೂ ಬದಲಿ ಮಾಡಸಬೇಕು.

ಹಂಗಂತ ಲಾರಿಗೆ ಹಾಕಿದ್ರ ಚಿಂತಿ ಹೋತು ಅಂತ ತಿಳೀಬ್ಯಾಡ್ರಿ. ಬಿಲ್ಟಿ ಹಿಂದ ಸಣ್ಣ ಅಕ್ಷರದಾಗ ಏನು ಬರದಿರ್ತೈತಿ ಅಂತ ಯಾರೂ ಓದೂದಿಲ್ಲ. 2007ರ ರಸ್ತೆ ಸಾಗಣಿ ಕಾಯ್ದೆ, 2011ರ ಅದರ ನಿಯಮದ ಪ್ರಕಾರ, ಮಾಲಿನ ಕಿಮ್ಮತ್ತು ಇಷ್ಟು ಅಂತ ಮೊದಲ ಬರಸಿ ಹೆಚ್ಚಿನ ದರ ಕಟ್ಟದಿದ್ರ, ಲುಕ್ಸಾನ್ ಆದಾಗ ಲಾರಿಯವರ ಜವಾಬ್ದಾರಿ ಬಾಡಿಗಿಯ ಹತ್ತು ಪಟ್ಟಿಗೆ ನಿಲ್ಲತೈತಿ. 45 ಸಾವಿರ ಬಾಡಿಗಿ ಅಂದ್ರ ನಾಕೂವರಿ ಲಕ್ಷ. ಗಾಡಿ ಕಿಮ್ಮತ್ತು ಎಷ್ಟು ಪಟ್ಟು ಹೆಚ್ಚಿಗಿ ಐತಿ ನೀವ ಲೆಕ್ಕಾ ಹಾಕ್ರಿ. ಅದಕ್ಕ ಕಿಮ್ಮತ್ತು ಬರಸ್ರಿ, ಸಾಗಣಿ ವಿಮಾ ಬ್ಯಾರೆ ಮಾಡಸ್ರಿ, ಅದರ ಕಾಗದ ಕೈಯಾಗ ಬಂದ ಮ್ಯಾಲೆ ಚಾವಿ ಕೊಡ್ರಿ. ಲಾರಿ ಏರಿಸೂಕಿಂತ ಮೊದಲ ಸುತ್ತಲೂ ಫೋಟೋ, ಬಂಪರ್ ಕೆಳಗಿಂದೂ ಒಂದು ಫೋಟೋ, ಎಷ್ಟು ಕಿಲೋಮೀಟರ್ ಓಡೈತಿ ಅನ್ನೂ ಮೀಟರಿನ ಫೋಟೋ. ಆ ಅಂಕಿ ಬಿಲ್ಟಿ ಮ್ಯಾಲೂ ಬರಸಬೇಕು. ಇಳಿಸಿದಾಗ ನೋಡದ ಸಹಿ ಮಾಡಬಾರದು. ಲುಕ್ಸಾನ್ ಇದ್ರ ಅಲ್ಲೇ ಬರದು ಕೊಡಬೇಕು. ಕಾಯ್ದೆ ಪ್ರಕಾರ ನೋಟೀಸ್ ಕೊಡಾಕ 180 ದಿನ ಇದ್ರೂ ಕಾಯೂದು ಯಾಕ? ನಾವು ಸೀರಿ ಅಂಗಡ್ಯಾಗ ಸೆರಗು ಬಿಚ್ಚಿ, ಬೆಳಕಿಗೆ ಹಿಡದು ನೋಡೂದಿಲ್ಲೇನು? ಹಂಗ.

ಈಗ ಕಡೀ ಮಾತು, ನಿದ್ದಿ. ಗಾಡಿ ಎಷ್ಟ ಛಲೋ ಇದ್ರೂ ಓಡಿಸಾವ ಮನಷ್ಯಾ. 1,900 ಕಿಲೋಮೀಟರ್ ನಾಕು ದಿನದಾಗ ಅಂದ್ರ ದಿನಾ 475. ರಜಾ ಕಡಿಮಿ ಅಂತ ಹುಡುಗೂರು ಅದನ್ನ ಎರಡೂವರಿ ದಿನಕ್ಕ ಇಳಸ್ತಾರ, ರಾತ್ರಿ ಓಡಸ್ತಾರ. ರಾತ್ರಿ ಹೈವೇದಾಗ ದೀಪ ಇಲ್ಲದ ನಿಂತ ಲಾರಿ, ಅಡ್ಡ ಬರೂ ದನಾ, ಎದುರಿಗೆ ಬರೂ ಟ್ರ್ಯಾಕ್ಟರ್. ಸ್ಪೋರ್ಟ್ಸ್ ಕಾರ್ ನೆಲಕ್ಕ ಹತ್ತಿಕೊಂಡ ಇರ್ತೈತಿ. ಎತ್ತರದಾಗ ಕುಂತ ಲಾರಿ ಡ್ರೈವರಗ ಬಾಜೂಕ ಬಂದದ್ದ ಕಾಣೂದಿಲ್ಲ. 2021ರ ಜನವರಿ ಒಳಗ ದಾವಣಗೆರೆಯಿಂದ ಗೋವಾಕ್ಕ ಹೊಂಟಿದ್ದ ಗೆಳತ್ಯಾರ ಗಾಡಿ ನಮ್ಮ ಧಾರವಾಡದ ಹತ್ರ ಇಟಿಗಟ್ಟಿ ಬೈಪಾಸಿನ್ಯಾಗ ಏನಾತು ಅಂತ ನಾವ್ಯಾರೂ ಮರತಿಲ್ಲ. ಅವರ್ಯಾರೂ ಜೋರಾಗಿ ಗಾಡಿ ಓಡಿಸಾಕ ಹ್ವಾದವರಲ್ಲ. ದಾರಿಗೆ ಅದೆಲ್ಲಾ ತಿಳೀತೈತೇನು? ಅದಕ್ಕ ನಮ್ಮ ನೆಗೆಣ್ಣಿ ಹೆದರಿಕಿಯನ್ನ ಹೆಂಗಸರ ಹುಚ್ಚು ಅಂತ ತಳ್ಳಿ ಹಾಕಾಕ ನಾ ಒಪ್ಪೂದಿಲ್ಲ.

ಆದ್ರ ಅಕ್ಕಾರ, ನಮಗೂ ಒಂದು ಮಾತು ಹೇಳಬೇಕು. ನಾವು "ಬ್ಯಾಡ, ಬ್ಯಾಡ" ಅಂತ ಅತ್ರ ಅವರು ಕೇಳೂದಿಲ್ಲ. ಹೇಳದ ಹೋಗ್ತಾರ, ದಾರ್ಯಾಗಿನ ಫೋನೂ ಎತ್ತೂದಿಲ್ಲ. ಅಳೂದರ ಬದ್ಲಿ ಪ್ರಶ್ನೆ ಕೇಳ್ರಿ. ಟಯರ್ ಯಾವ ವರ್ಷದ್ದು? ಇನ್ಶೂರೆನ್ಸ್ ಯಾರ ಹೆಸರಿಲೆ ಐತಿ? ರಾತ್ರಿ ಎಲ್ಲೆಲ್ಲಿ ಉಳೀತಿ? ಕೆಟ್ರ ಯಾರಿಗೆ ಫೋನ್ ಮಾಡ್ತಿ? ಬಾಜೂ ಸೀಟಿನ್ಯಾಗ ಯಾರು? ಇವಕ್ಕ ಉತ್ತರ ಇದ್ರ ನಮ್ಮ ಹೆದರಿಕಿ ಅರ್ಧ ಹೋಗ್ತೈತಿ. ಉತ್ತರ ಇಲ್ಲಂದ್ರ ಅವಂಗ ತಾನಾಗೆ ತಿಳೀತೈತಿ. ಟಯರಿನ ಫೋಟೋ ಕಳಿಸಿದ ದಿನದಿಂದ ನಮ್ಮ ಹುಡುಗನ ದನಿ ಸ್ವಲ್ಪ ಮೆತ್ತಗಾಗೇತಿ.

ಬಾಜೂ ಸೀಟಿನ ಮಾತು ಬಂತು ನೋಡ್ರಿ. ಎಲ್ಲಾರೂ ಯಾವ ಗೆಳ್ಯಾ ಹೋಗ್ತಾನ, ಯಾವ ಕಾಕಾ ಹೋಗ್ತಾನ ಅಂತ ಲೆಕ್ಕಾ ಹಾಕಾಕತ್ತಾರ. ಅವನ ಹೆಂಡ್ತಿ ಆರು ವರ್ಷದಿಂದ ದಿನಾ ಧಾರವಾಡಕ್ಕ ತಾನ ಗಾಡಿ ಓಡಿಸ್ಕೊಂಡು ನೌಕರಿಗೆ ಹೋಗಿ ಬರ್ತಾಳ. ಒಬ್ಬರಿಗೂ ಆಕಿ ಹೆಸರು ನೆನಪಾಗಲಿಲ್ಲ. ಇಬ್ಬರ ಕೂಡೂ ಗಾಡಿ ಅದು, ಇಬ್ಬರ ಮನಿ ರೊಕ್ಕ ಅದು. ಸ್ಟೇರಿಂಗ್ ಬದಲಿ ಮಾಡಾಕ ಆಕಿಗಿಂತ ಛಲೋ ಯಾರದಾರ?

ಹಿಂಗಾಗಿ ನಾ ಕೊಟ್ಟ ಸಲಹಾ ಇಷ್ಟ. ಎರಡು ಟಯರ್ ದಿಲ್ಲ್ಯಾಗ ಬದಲಿ ಮಾಡಸಲಿ. ಇನ್ಶೂರೆನ್ಸ್ ಹೆಸರಿಗೆ ಆಗಲಿ. ಗಾಡಿ ಮುಚ್ಚಿದ ಕಂಟೇನರಿನ್ಯಾಗ ಪುಣೆ ತನಕ ಬರಲಿ. ಗಂಡಾ-ಹೆಂಡ್ತಿ ರಾತ್ರಿ ಬಸ್ಸಿಗೆ ಪುಣೆಗೆ ಹೋಗಿ, ಗಾಡಿ ಇಳಿಸ್ಕೊಂಡು, ಒಂದು ದಿನಾ ಅಲ್ಲೇ ಸಣ್ಣ ಸುತ್ತು ಹಾಕಿ ನೋಡಿ, ರಾತ್ರಿ ಹೊಟ್ಟಿತುಂಬ ಉಂಡು ಮಲಗಿ, ಮುಂಜಾನೆ ಬೆಳಕ ಹರದ ಮ್ಯಾಲೆ ಹೊರಡಲಿ. ಸಾತಾರಾ, ಕೊಲ್ಲಾಪುರ, ನಿಪ್ಪಾಣಿ, ಬೆಳಗಾವಿ, ಕಿತ್ತೂರು, ಧಾರವಾಡ: 440 ಕಿಲೋಮೀಟರ್. ದಾರಿ ಅಗಲ ಮಾಡೂ ಕೆಲಸ ನಡದಲ್ಲೆ ಮೆಲ್ಲಕ ಬರಲಿ. ಗಾಡಿ ಎಷ್ಟು ಓಡ್ತೈತಿ ಅನ್ನೂದು ದಾರಿಗೆ ಸಂಬಂಧ ಇಲ್ಲ. ನಮ್ಮ ರಾಜ್ಯದಾಗ 130 ದಾಟಿದವರ ಮ್ಯಾಲೆ 2024ರಿಂದ ಎಫ್‌ಐಆರ್ ಹಾಕಾಕತ್ತಾರ. ಬೆಳಗಾವ್ಯಾಗ ಕುಂದಾ ತಗೊಂಡು, ಹೊತ್ತು ಮುಳುಗೂದ್ರೊಳಗ ಮನಿ ಮುಟ್ಟಲಿ. ಹುಡುಗನ ಆಸೆನೂ ತೀರ್ತೈತಿ, ಅವ್ವನ ಜೀವಾನೂ ತಂಪಾಗ್ತೈತಿ.

ಇದು ಬರೇ ದೊಡ್ಡ ಗಾಡಿಯವರ ಮಾತಲ್ಲ. ನಿಮ್ಮ ಮಗ ಬೆಂಗಳೂರಿಂದ ಹಳೇ ಆಲ್ಟೋ ತಂದ್ರೂ, ಅಳಿಯ ಪುಣೆಯಿಂದ ಬುಲೆಟ್ ತಂದ್ರೂ ಲೆಕ್ಕ ಇದ. ಒಂದು ಹಗಲಿನ ದಾರಿ ಆದ್ರ ಓಡಿಸಲಿ, ಅದಕ್ಕಿಂತ ದೂರ ಆದ್ರ ಹೇರಲಿ. ಲಿಂಬಿಹಣ್ಣು ಗಾಲಿ ಕೆಳಗ ಇಡೂದು, ಸಿದ್ಧಾರೂಢರ ಮಠಕ್ಕ ಒಯ್ದು ಕಾಯಿ ಒಡಸೂದು ನಾವು ಹೆಂಗೂ ಬಿಡೂದಿಲ್ಲ. ಆದ್ರ ಅದಕ್ಕಿಂತ ಮೊದಲ ಟಯರಿನ ತಾರೀಖ ಓದೂದೂ ನಮ್ಮ ಕೆಲಸ ಅಂತ ತಿಳಕೊಳ್ರಿ.