ಹೆಸರಿಲ್ಲದ ಭಾವಚಿತ್ರಗಳು

ಯಾದಗಿರಿ, ಶಹಾಪುರ, ಸುರಪುರಗಳ ಅನೇಕ ಮನೆಗಳಲ್ಲಿ ಶಾಲೆಯ ಹಳೆಯ ಸಮೂಹಚಿತ್ರಗಳಿರುವುವು. ಅವುಗಳಲ್ಲಿರುವ ಬಾಲಿಕೆಯರು ಯಾರೆಂದು ಹೇಳಬಲ್ಲ ಹಿರಿಯರಾದರೋ ವರ್ಷವರ್ಷಕ್ಕೂ ಕಡಿಮೆಯಾಗುತ್ತಿರುವರು. ಇಂಥ ಚಿತ್ರಗಳನ್ನು ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದರೆ ಸಾಕೆಂದು ಕೆಲವರು ಹೇಳುವರು. ನಾವು ಹಾಗೆಣಿಸುವುದಿಲ್ಲ. ಸಂಗ್ರಹಾಲಯವು ಕಾಗದವನ್ನು ಕಾಪಾಡಬಲ್ಲುದು. ಮರೆತುಹೋದ ಹೆಸರನ್ನು ಮರಳಿ ಕೊಡಲಾರದು.

ಸುರಪುರದಲ್ಲಿ ಬಹುಕಾಲ ಆಡಳಿತ ನಡೆಸಿದ ಮೆಡೋಸ್ ಟೇಲರ್ ಸಾಹೇಬರು, ೧೮೬೬ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಧಾರವಾಡ, ಮೈಸೂರು ಸೀಮೆಗಳ ಕಟ್ಟಡಗಳ ಛಾಯಾಚಿತ್ರ ಗ್ರಂಥಕ್ಕೆ ಫರ್ಗ್ಯುಸನ್ನರೊಡನೆ ವಿವರಣೆ ಬರೆದರು. ಚಿತ್ರದೊಡನೆ ಸ್ಥಳದ ಹೆಸರೂ ಅಚ್ಚಾದುದರಿಂದ ಅವು ಇಂದಿಗೂ ಚರಿತ್ರೆಗೆ ಸಾಕ್ಷಿಯಾಗಿರುವುವು. ಬಾಸೆಲ್ ಮಿಶನ್ನಿನವರು ಕರ್ನಾಟಕದಲ್ಲಿ ತೆಗೆದ ಚಿತ್ರಗಳೂ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ದಫ್ತರಖಾನೆಯಲ್ಲಿ ಸುರಕ್ಷಿತವಾಗಿದ್ದು, ಈಗ ಅಂತರ್ಜಾಲದಲ್ಲಿಯೂ ನೋಡಸಿಗುವುವು.

ಕಲ್ಲಿನ ಗುಡಿಯಾದರೂ ತನ್ನ ಸ್ಥಳದಲ್ಲಿಯೇ ನಿಂತಿರುವುದು. ನಮ್ಮ ಹೆಣ್ಣುಮಕ್ಕಳಿಗೆ ಮದುವೆಯಾದ ಮೇಲೆ ಊರೂ ಮನೆತನದ ಹೆಸರೂ ಬದಲಾಗುವುವು; ಅವರ ಗುರುತು ಬೇಗನೆ ಅಳಿಯುವುದು.

ಆದುದರಿಂದ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ತಂದೆತಾಯಿಗಳಲ್ಲಿಯೂ ನಮ್ಮ ವಿಜ್ಞಾಪನೆಯಿಷ್ಟೆ: ಚಿತ್ರವನ್ನು ಬಿಸಿಲು, ತೇವಗಳಿಂದ ದೂರವಿಡಿರಿ, ಗಾಜಿಗೆ ತಗಲಗೊಡದಿರಿ. ಸಾಲುಸಾಲಾಗಿ ತೌರುಮನೆಯ ಹೆಸರು, ಊರು, ವರ್ಷಗಳನ್ನು ಬೇರೆ ಹಾಳೆಯಲ್ಲಿ ಬರೆದು ಚಿತ್ರದೊಡನಿರಿಸಿರಿ. ಅದರ ಪ್ರತಿಯೊಂದನ್ನು ಶಾಲೆಗೆ ಕೊಡಿರಿ. ಮೂಲಚಿತ್ರವು ನಿಮ್ಮಲ್ಲಿಯೇ ಇರಲಿ. ಹೇಳಬಲ್ಲವರು ಇರುವಾಗಲೇ ಈ ಕೆಲಸವಾಗಬೇಕು.