ದೊಡ್ಡ ಸಂಖ್ಯೆಯ ಕೊನೆಯ ಅಂಕಿ

"ಲೆಕ್ಕವನ್ನೆಲ್ಲ ಕಂಪ್ಯೂಟರೇ ಮಾಡುವಾಗ ಮಕ್ಕಳು ಗಣಿತದೊಂದಿಗೆ ಏಕೆ ಹೆಣಗಬೇಕು ಮೇಷ್ಟ್ರೇ?" ಬನಶಂಕರಿಯ ನಮ್ಮ ಉದ್ಯಾನದಲ್ಲಿ ಬೆಳಗಿನ ವಾಯುವಿಹಾರಕ್ಕೆ ಬರುವ ಪೋಷಕರು ನನ್ನನ್ನು ಹೀಗೆ ಕೇಳುವುದುಂಟು. ನನ್ನ ಹಳೆಯ ವಿದ್ಯಾರ್ಥಿಗಳಲ್ಲೂ ಕೆಲವರು ಈಗ ಇದೇ ಮಾತನ್ನಾಡುತ್ತಾರೆ. ಈ ಮಾತನ್ನು ನಾನು ಒಪ್ಪಲಾರೆ. ಅದಕ್ಕೆ ಒಂದು ಅವಿಭಾಜ್ಯ ಸಂಖ್ಯೆಯೇ ಸಾಕ್ಷಿ.

2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಲ್ಯೂಕ್ ಡ್ಯುರಾಂಟ್ ಎಂಬುವರು, ಅದುವರೆಗೆ ತಿಳಿದಿದ್ದ ಎಲ್ಲವನ್ನೂ ಮೀರಿಸುವ ಅವಿಭಾಜ್ಯ ಸಂಖ್ಯೆಯೊಂದನ್ನು ಕಂಡುಹಿಡಿದರು. 13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಲಬ್ಧದಿಂದ 1 ಕಳೆದರೆ ಆ ಸಂಖ್ಯೆ ದೊರೆಯುತ್ತದೆ. ಅದರಲ್ಲಿರುವ ಅಂಕಿಗಳು 4,10,24,320. ಸೆಕೆಂಡಿಗೊಂದರಂತೆ ನಿದ್ರೆಯಿಲ್ಲದೆ ಓದಿದರೂ ಸುಮಾರು 475 ದಿನ ಬೇಕು.

ಇದರ ಕೊನೆಯ ಅಂಕಿ ಯಾವುದು? ಇದಕ್ಕೆ ಕಂಪ್ಯೂಟರ್ ಬೇಡ. 2ರ ಘಾತಗಳ ಬಿಡಿಸ್ಥಾನದಲ್ಲಿ 2, 4, 8, 6 ಎಂಬ ಅಂಕಿಗಳು ಸರದಿಯಂತೆ ಮರಳಿ ಬರುತ್ತವೆ. ಮೇಲಿನ ಘಾತಾಂಕವನ್ನು 4ರಿಂದ ಭಾಗಿಸಿದರೆ ಶೇಷ 1. ಆದ್ದರಿಂದ ಘಾತದ ಕೊನೆಯ ಅಂಕಿ 2; ಒಂದನ್ನು ಕಳೆದರೆ 1. ಪ್ರೌಢಶಾಲೆಯ ಮಗುವೊಂದು ಕಾಗದದ ಚೂರಿನ ಮೇಲೆ ಇದನ್ನು ಸಾಧಿಸಬಲ್ಲದು.

ಮುಂದಿನ ಹೆಜ್ಜೆ ಇನ್ನೂ ಸ್ವಾರಸ್ಯಕರ. ಇಂತಹ ಸಂಖ್ಯೆ ಅವಿಭಾಜ್ಯವಾಗಬೇಕಾದರೆ ಘಾತಾಂಕವೂ ಅವಿಭಾಜ್ಯವಾಗಿರಲೇಬೇಕು. ಘಾತಾಂಕ 15 ಆದರೆ ದೊರೆಯುವ 32,767 ಎಂಬುದು 7ರಿಂದಲೂ 31ರಿಂದಲೂ ಭಾಗವಾಗುತ್ತದೆ. ಆದರೆ ಅಷ್ಟೇ ಸಾಲದು. 11 ಅವಿಭಾಜ್ಯ; ಆದರೂ ಅದರಿಂದ ಬರುವ 2,047 ಎಂಬುದು 23 ಮತ್ತು 89ರ ಗುಣಲಬ್ಧ. ಹೀಗಾಗಿಯೇ ಪ್ರತಿಯೊಂದನ್ನೂ ಪರೀಕ್ಷಿಸಬೇಕಾಗುತ್ತದೆ. ಡ್ಯುರಾಂಟರ ಸಂಖ್ಯೆಯನ್ನು ಖಚಿತಪಡಿಸಿದ್ದು 19ನೇ ಶತಮಾನದಲ್ಲಿ ಫ್ರಾನ್ಸಿನ ಲ್ಯೂಕಾ ರೂಪಿಸಿ, 20ನೇ ಶತಮಾನದಲ್ಲಿ ಲೆಹ್ಮರ್ ಪರಿಷ್ಕರಿಸಿದ ಪರೀಕ್ಷೆ. ದುಡಿದದ್ದು ಯಂತ್ರ, ದಾರಿ ತೋರಿದ್ದು ಮನುಷ್ಯನ ಆಲೋಚನೆ.

ನಮ್ಮ ದೇಶದ ನಿದರ್ಶನವೂ ಇದೆ. ಯಾವುದೇ ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂಬುದನ್ನು ದಕ್ಷವಾಗಿಯೂ ನಿಸ್ಸಂದೇಹವಾಗಿಯೂ ನಿರ್ಧರಿಸುವ ವಿಧಾನವನ್ನು 2002ರಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಜಗತ್ತಿಗೆ ನೀಡಿದರು. ಕಯಾಲ್ ಮತ್ತು ಸಕ್ಸೇನಾ ಆಗಷ್ಟೇ ಬಿ.ಟೆಕ್. ಮುಗಿಸಿದ್ದ ತರುಣರು. ಕಯಾಲ್ ಮುಂದೆ ನಮ್ಮ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಸಂಶೋಧಕರಾಗಿ, 2021ರ ಇನ್ಫೋಸಿಸ್ ಪ್ರಶಸ್ತಿಗೆ ಪಾತ್ರರಾದರು.

ನಾಲ್ಕು ಕೋಟಿ ಅಂಕಿಗಳ ಸಂಖ್ಯೆಯಿಂದ ಏನು ಪ್ರಯೋಜನವೆಂದು ಕೇಳಬಹುದು. ಅಂತರಜಾಲದ ಗುಪ್ತಲಿಪಿಗೆ ಕೆಲವು ನೂರು ಅಂಕಿಗಳ ಅವಿಭಾಜ್ಯಗಳೇ ಸಾಕು ಎಂಬುದು ನಿಜ. ಆದರೆ ಗಣಿತ ಕಲಿಸುವುದು ಉತ್ತರಕ್ಕಾಗಿ ಮಾತ್ರವಲ್ಲ, "ಇದು ಹೀಗೇಕೆ?" ಎಂದು ಕೇಳಿ, ತಾನೇ ತರ್ಕಿಸಿ ನಂಬುವ ಸ್ವಭಾವಕ್ಕಾಗಿ. ಪರೀಕ್ಷೆಗೆ ಬರುವುದಿಲ್ಲವೆಂದು ಆ "ಏಕೆ"ಯನ್ನು ಕೈಬಿಟ್ಟರೆ ಮಕ್ಕಳಲ್ಲಿ ಉಳಿಯುವುದು ಯಂತ್ರ ಮಾಡಬಲ್ಲ ಕೆಲಸ ಮಾತ್ರ.

ಆದ್ದರಿಂದ ಈ ಭಾನುವಾರ ನಿಮ್ಮ ಮನೆಯ ಮಕ್ಕಳಿಗೆ ಒಂದು ಪ್ರಶ್ನೆ ಕೊಡಿ: ಘಾತಾಂಕ ಸಮಸಂಖ್ಯೆಯಾದಾಗಲೆಲ್ಲ ಹೀಗೆ ಬರುವ ಸಂಖ್ಯೆ 3ರಿಂದ ಭಾಗವಾಗುವುದೇಕೆ? ಉತ್ತರವನ್ನು ನೀವು ಹೇಳಿಕೊಡಬೇಡಿ, ಸ್ವಲ್ಪ ಕಾಯಿರಿ.