ಹಗುರವಾದ ಟ್ಯೂಬೂ ಘಟ್ಟದ ದಾರಿಯೂ

ಬೆಳೆದ ಮಕ್ಕಳಿರುವ ಮನೆಗಳಲ್ಲಿ ಈಗ ಹೊಸ ಬಗೆಯ ಸೈಕಲ್ಲೊಂದು ಗೋಡೆಗೊರಗಿ ನಿಂತಿರುವುದನ್ನು ಕಾಣುತ್ತೇವೆ. ಬಾಗಿದ ಹಿಡಿ, ಹೆಬ್ಬೆರಳಗಲದ ಟೈರು, ಒಂದೇ ಕೈಯಿಂದ ಎತ್ತಬಹುದಾದ ಮೈಕಟ್ಟು. ಅದರ ಬೆಲೆಯನ್ನು ತೆತ್ತು ಹಿರಿಯರು ನಿಟ್ಟುಸಿರು ಬಿಡುವಷ್ಟರಲ್ಲಿಯೇ ಎರಡನೆಯ ಬೇಡಿಕೆಯು ತಲೆದೋರುವುದು: ಒಳಗಿನ ಟ್ಯೂಬುಗಳನ್ನು ತೆಗೆಯಿಸಿ ಹಗುರವಾದುವನ್ನು ಹಾಕಿಸಬೇಕಂತೆ! ಕಣ್ಣಿಗೇ ಕಾಣಿಸದ ಟ್ಯೂಬಿನಲ್ಲಿ ಹಗುರವೇನು, ಭಾರವೇನು ಎಂದು ಹಿರಿಯರು ಕೇಳುವುದು ಸಹಜ. ಹಾಗೆಂದು ಕಿರಿಯರ ಮಾತಿನಲ್ಲಿ ಹುರುಳೇ ಇಲ್ಲವೆಂದೂ ಹೇಳಲಾಗದು. ಈ ತಿಂಗಳು ಆ ವಿಷಯವನ್ನೇ ವಿಚಾರಿಸೋಣ.

ವಿಚಾರಕ್ಕೆ ಒಂದು ನಿಜವಾದ ದಾರಿಯನ್ನು ಕಣ್ಣ ಮುಂದಿರಿಸಿಕೊಳ್ಳುವುದು ಮೇಲು. ಶೃಂಗೇರಿಯಿಂದ ನೆಮ್ಮಾರನ್ನು ದಾಟಿ, ಕಾಡನ್ನು ಹೊಕ್ಕು ಕೆರೆಕಟ್ಟೆಗೆ ಹೋಗುವ ಹೆದ್ದಾರಿಯನ್ನೇ ತೆಗೆದುಕೊಳ್ಳೋಣ. ಶಿವಮೊಗ್ಗೆಯಿಂದ ಮಂಗಳೂರಿಗೆ ಹೋಗುವ ೧೬೯ನೆಯ ರಾಷ್ಟ್ರೀಯ ಹೆದ್ದಾರಿಯು ಇದೇ. ಕೆರೆಕಟ್ಟೆಯ ಸುತ್ತಲಿನದು ೧೯೮೭ರಲ್ಲಿ ಘೋಷಿತವಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅರಣ್ಯ. ಅಲ್ಲಿಂದ ಮುಂದೆ ಎಸ್. ಕೆ. ಬಾರ್ಡರ್ ಎಂಬ ಎಡೆ. ಸೌತ್ ಕೆನರಾ ಜಿಲ್ಲೆಯ ಹೆಸರು ಬದಲಾದರೂ, ೧೯೯೭ರಲ್ಲಿ ಕಾರ್ಕಳವು ಉಡುಪಿ ಜಿಲ್ಲೆಗೆ ಸೇರಿದರೂ ಗಡಿಯ ಹಳೆಯ ಹೆಸರು ಜನರ ಬಾಯಲ್ಲಿ ಹಾಗೆಯೇ ಉಳಿದಿದೆ. ಅದರಾಚೆ ರಸ್ತೆಯು ಮಾಳದ ಘಟ್ಟವನ್ನಿಳಿದು ಬಜಗೋಳಿಯ ಮೂಲಕ ಕಾರ್ಕಳವನ್ನು ಸೇರುವುದು. ಏರು, ತಿರುವು, ಮಳೆ, ದೀರ್ಘವಾದ ಇಳಿತ, ಜನವಸತಿಯಿಲ್ಲದ ಕಾಡು, ಇವೆಲ್ಲವೂ ಒಂದೇ ದಾರಿಯಲ್ಲಿ ಕೂಡಿಬಂದಿರುವುದರಿಂದ ಟ್ಯೂಬಿನ ಗುಣದೋಷಗಳನ್ನು ತೂಗಿನೋಡಲು ಇದಕ್ಕಿಂತ ಒಳ್ಳೆಯ ತಕ್ಕಡಿಯು ಸಿಕ್ಕದು.

ಮೊದಲು ತೂಕದ ಮಾತು. ಬಿರುಸಿನ ಸವಾರಿಯ ೭೦೦ ಅಳತೆಯ ಚಕ್ರಕ್ಕೆ, ೨೫ ಮಿಲಿಮೀಟರ್ ಅಗಲದ ಟೈರಿಗೆ ಹೊಂದುವ ಸಾಧಾರಣ ಟ್ಯೂಬು ಸುಮಾರು ೧೦೦ ಗ್ರಾಂ ತೂಗುವುದು. ಇದು ಬ್ಯುಟೈಲ್ ಎಂಬ ಕೃತಕ ರಬ್ಬರಿನದು. ಅದನ್ನೇ ತೆಳುವಾಗಿ ಎರಕಹೊಯ್ದರೆ ೬೫ರಿಂದ ೭೫ ಗ್ರಾಂ. ಮರದ ಹಾಲಿನಿಂದಾದ ಲೇಟೆಕ್ಸ್ ಟ್ಯೂಬು ೭೦ರಿಂದ ೮೫ ಗ್ರಾಂ. ಈಚೆಗೆ ಬಂದಿರುವ, ಟಿ.ಪಿ.ಯು. ಎಂದು ಕರೆಯಲ್ಪಡುವ ಪಾಲಿಯುರೆಥೇನಿನ ಟ್ಯೂಬು ೨೫ರಿಂದ ೪೦ ಗ್ರಾಂ ಮಾತ್ರ. ಮಡಿಸಿದರೆ ಮುಷ್ಟಿಯಲ್ಲಿ ಅಡಗುವುದು.

ಈ ಅಂಕಿಗಳನ್ನು ನೋಡಿದೊಡನೆ ಕಿರಿಯರ ಕಣ್ಣು ಅರಳುವುದು. ಆದರೆ ಲೆಕ್ಕವನ್ನು ಪೂರ್ತಿ ಮಾಡೋಣ. ಎರಡು ಚಕ್ರಗಳಿಗೂ ೩೫ ಗ್ರಾಮಿನ ಟ್ಯೂಬನ್ನು ಹಾಕಿದರೆ ಉಳಿಯುವ ಭಾರವು ೧೩೦ ಗ್ರಾಂ. ಸವಾರನೂ ಸೈಕಲ್ಲೂ ಸೇರಿ ೮೦ ಕಿಲೋಗ್ರಾಂ ಇದ್ದರೆ, ಅದು ಒಟ್ಟು ಭಾರದಲ್ಲಿ ಆರುನೂರರಲ್ಲೊಂದು ಪಾಲು. ಒಂದು ಗಂಟೆಯ ಕಾಲ ಏರಿದ ದಾರಿಯಲ್ಲಿ ಇದರಿಂದಾಗುವ ಉಳಿತಾಯವು ಹೆಚ್ಚೆಂದರೆ ಆರು ಸೆಕೆಂಡು! ಹೊರಡುವ ಮುನ್ನ ಬಾಟಲಿಯಿಂದ ನಾಲ್ಕು ಗುಟುಕು ನೀರನ್ನು ಚೆಲ್ಲಿದರೂ ಅಷ್ಟೇ ಲಾಭ. ತಿರುಗುವ ಚಕ್ರದ ಭಾರಕ್ಕೆ ಇಮ್ಮಡಿ ಬೆಲೆಯೆಂದು ಕೆಲವರು ವಾದಿಸುವರು. ಅದು ವೇಗವನ್ನು ಹೆಚ್ಚಿಸುವ ಕ್ಷಣಕ್ಕೆ ಸಲ್ಲುವ ಮಾತು. ಒಂದೇ ಸಮನೆ ಏರುವಾಗ ಗ್ರಾಮು ಎಲ್ಲಿದ್ದರೂ ಗ್ರಾಮೇ.

ಹಾಗಾದರೆ ಒಳ್ಳೆಯ ಟ್ಯೂಬಿನಿಂದ ಪ್ರಯೋಜನವೇ ಇಲ್ಲವೆ? ಇದೆ, ಆದರೆ ಅದು ತೂಕದಲ್ಲಿಲ್ಲ, ಬಳುಕಿನಲ್ಲಿದೆ. ಚಕ್ರವು ಉರುಳುವಾಗ ನೆಲಕ್ಕೆ ತಾಗಿದ ಕಡೆ ಟೈರೂ ಟ್ಯೂಬೂ ಚಪ್ಪಟೆಯಾಗಿ ಮರುಕ್ಷಣವೇ ಮೊದಲಿನಂತಾಗುವುವು. ಹೀಗೆ ಬಾಗಿ ಏಳುವಾಗ ರಬ್ಬರು ನುಂಗುವ ಶಕ್ತಿಯೆಲ್ಲವೂ ಸವಾರನ ಕಾಲಿನಿಂದಲೇ ಬಂದುದು. ಬ್ಯುಟೈಲ್ ಹೆಚ್ಚು ನುಂಗುವುದು, ಲೇಟೆಕ್ಸ್ ಬಹಳ ಕಡಮೆ ನುಂಗುವುದು, ಟಿ.ಪಿ.ಯು. ಇವೆರಡರ ನಡುವಿನದು. ಗಂಟೆಗೆ ೩೦ ಕಿಲೋಮೀಟರ್ ವೇಗದಲ್ಲಿ ಎರಡು ಲೇಟೆಕ್ಸ್ ಟ್ಯೂಬುಗಳಿಂದ ಕೆಲವು ವಾಟ್ ಶಕ್ತಿಯು ಉಳಿಯುವುದುಂಟು. ಗಟ್ಟಿಗ ಸವಾರನು ಇನ್ನೂರು ವಾಟ್ ಹೊಮ್ಮಿಸುವ ಕೆಲಸದಲ್ಲಿ ಇದು ಅಲ್ಲಗಳೆಯತಕ್ಕ ಲಾಭವಲ್ಲ.

ಲೇಟೆಕ್ಸ್ ನಮ್ಮ ಜನಕ್ಕೆ ಪರಕೀಯವಾದ ವಸ್ತುವೂ ಅಲ್ಲ. ನರಸಿಂಹರಾಜಪುರದ ಕಡೆಯಲ್ಲಿಯೂ ಘಟ್ಟದ ಕೆಳಗೆ ಸುಳ್ಯ, ಪುತ್ತೂರು, ಬೆಳ್ತಂಗಡಿಗಳಲ್ಲಿಯೂ ಬೆಳಗಿನ ಜಾವ ರಬ್ಬರ್ ಮರದ ತೊಗಟೆಯನ್ನು ಕೊರೆದು ಚಿಪ್ಪಿನಲ್ಲಿ ಹಿಡಿಯುವ ಹಾಲೇ ಅದು. ೧೮೮೮ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯನಾದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರುಗಾಲಿ ಗಾಡಿಗಾಗಿ ಮಾಡಿದ ಗಾಳಿಯ ಚಕ್ರಕ್ಕೆ ಸನ್ನದು ಪಡೆದನು; ಅಂದಿನಿಂದ ಅರ್ಧ ಶತಮಾನದ ಕಾಲ ಟ್ಯೂಬುಗಳೆಲ್ಲ ಮರದ ರಬ್ಬರಿನವೇ ಆಗಿದ್ದುವು. ೧೯೩೭ರಲ್ಲಿ ಅಮೆರಿಕದ ರಾಬರ್ಟ್ ಥಾಮಸ್ ಮತ್ತು ವಿಲಿಯಂ ಸ್ಪಾರ್ಕ್ಸ್ ಎಂಬವರು ಬ್ಯುಟೈಲನ್ನು ಕಂಡುಹಿಡಿದರು. ಅದರ ಮುಖ್ಯ ಗುಣವೆಂದರೆ ಗಾಳಿಯನ್ನು ಸೋರಗೊಡದೆ ಹಿಡಿದಿಡುವುದು. ಲೇಟೆಕ್ಸ್ ಟ್ಯೂಬಿಗೆ ಈ ಹೊತ್ತು ಬಿಗಿಯಾಗಿ ಗಾಳಿ ತುಂಬಿದರೆ ನಾಳೆ ಬೆಳಗಿಗೆ ಅದು ಸೊರಗಿರುವುದು. ಪ್ರತಿ ಸವಾರಿಗೂ ಮುನ್ನ ಪಂಪನ್ನು ಹಿಡಿಯಲೇಬೇಕು. ಎಣ್ಣೆಯೂ ಬಿಸಿಲೂ ಅದಕ್ಕೆ ಶತ್ರುಗಳು. ಬ್ಯುಟೈಲಾದರೋ ವಾರಗಟ್ಟಲೆ ತಾಳುವ ಸಾಧುಪ್ರಾಣಿ.

ಈಗ ಮುಖ್ಯವಾದ ವಿಷಯಕ್ಕೆ ಬರೋಣ. ಏರುವಾಗ ಟ್ಯೂಬು ಕೆಟ್ಟರೆ ಕಾಲವು ನಷ್ಟವಾಗುವುದು; ಇಳಿಯುವಾಗ ಕೆಟ್ಟರೆ ಪ್ರಾಣಕ್ಕೇ ಸಂಚಕಾರ. ಮೇಲೆ ಹೇಳಿದ ೮೦ ಕಿಲೋಗ್ರಾಂ ಭಾರವು ೫೦೦ ಮೀಟರ್ ಎತ್ತರದಿಂದ ಇಳಿದು ಬರುವಾಗ ಬಿಡುಗಡೆಯಾಗುವ ಶಕ್ತಿಯು ಒಂದೂಕಾಲು ಲೀಟರ್ ತಣ್ಣೀರನ್ನು ಕುದಿಯ ಹಂತಕ್ಕೆ ತರುವಷ್ಟು. ಗಾಳಿಯ ತಡೆಯು ಇದರಲ್ಲಿ ಒಂದು ಪಾಲನ್ನು ಹೊತ್ತುಕೊಳ್ಳುವುದು. ತಿರುವುಗಳಲ್ಲಿ ಅಂಜಿ ಮೆಲ್ಲನೆ ಇಳಿಯುವವನಿಗೆ ಮಿಕ್ಕುದೆಲ್ಲವೂ ಬ್ರೇಕಿನಲ್ಲಿ ಬಿಸಿಯಾಗಿ ಪರಿಣಮಿಸುವುದು. ಬ್ರೇಕಿನ ರಬ್ಬರು ಚಕ್ರದ ಅಂಚನ್ನೇ ಹಿಡಿಯುವ ಬಗೆಯದಾದರೆ, ಆ ಬಿಸಿಯು ಅಂಚಿನ ಮೂಲಕ ನೇರವಾಗಿ ಟ್ಯೂಬಿಗೆ ತಟ್ಟುವುದು. ಬ್ಯುಟೈಲ್ ಇದನ್ನು ಬಹುಮಟ್ಟಿಗೆ ಸಹಿಸಿಕೊಳ್ಳುವುದು. ಲೇಟೆಕ್ಸೂ ಟಿ.ಪಿ.ಯು.ವೂ ಅಷ್ಟು ಸಹಿಸಲಾರವು; ಟಿ.ಪಿ.ಯು. ಬಿಸಿಗೆ ಮೆತ್ತಗಾಗುವ ಸ್ವಭಾವದ್ದು. ಅಂಚು ಹಿಡಿಯುವ ಬ್ರೇಕಿನ ಸೈಕಲ್ಲಿಗೆ ತಮ್ಮ ಟ್ಯೂಬನ್ನು ಹಾಕಲೇ ಕೂಡದೆಂದು ಕೆಲವು ತಯಾರಕರು ಪೆಟ್ಟಿಗೆಯ ಮೇಲೆಯೇ ಅಚ್ಚುಹಾಕಿರುವರು. ಕೊಳ್ಳುವ ಮುನ್ನ ಆ ಸಣ್ಣ ಅಕ್ಷರಗಳನ್ನು ಮನೆಯ ಹಿರಿಯರೊಬ್ಬರು ಓದತಕ್ಕದ್ದು. ಚಕ್ರದ ನಡುವೆ ಬಿಲ್ಲೆಯನ್ನು ಹಿಡಿಯುವ ಡಿಸ್ಕ್ ಬ್ರೇಕಾದರೆ ಬಿಸಿಯು ಟ್ಯೂಬಿನಿಂದ ದೂರವೇ ಉಳಿಯುವುದರಿಂದ ಈ ಭಯವು ಅಷ್ಟಾಗಿ ಇಲ್ಲ.

ಚುಚ್ಚುಗಾಯದ ವಿಷಯವನ್ನೂ ಮರೆಯಲಾಗದು. ಮಳೆಗಾಲದಲ್ಲಿ ನೀರು ಚೂಪುಗಲ್ಲುಗಳನ್ನು ರಸ್ತೆಗೆ ತಂದು ಹಾಸುವುದು. ಬಿದಿರಿನ ಮುಳ್ಳೂ ಉಂಟು. ಒದ್ದೆಯಾದ ಟೈರನ್ನು ಚೂಪಾದ ವಸ್ತುವು ಸುಲಭವಾಗಿ ಸೀಳುವುದು. ಬ್ಯುಟೈಲಿಗೆ ಯಾವ ಹಳ್ಳಿಯ ಸೈಕಲ್ ಅಂಗಡಿಯವನಾದರೂ ತೇಪೆ ಹಾಕಿಕೊಡುವನು. ಟಿ.ಪಿ.ಯು.ಗೆ ಸಾಧಾರಣ ರಬ್ಬರ್ ಸೊಲ್ಯೂಶನ್ ಹಿಡಿಯದು. ಅದಕ್ಕೆಂದೇ ಮಾಡಿದ ತೇಪೆ ಬೇಕು. ಸುರಿಯುವ ಮಳೆಯಲ್ಲಿ ಯಾವ ತೇಪೆಯೂ ನೆಟ್ಟಗೆ ಅಂಟದು. ಅಂತಹ ಕಾಡಿನ ನಡುವೆ ದೂರವಾಣಿಯಿಂದ ನೆರವನ್ನು ಕರೆಯಬಹುದೆಂದು ನಂಬಿ ಹೊರಡುವುದು ವಿವೇಕವಲ್ಲ. ಕಾಡುಮೃಗಗಳಿರುವ ಎಡೆಯಲ್ಲಿ ಹೊತ್ತು ಮುಳುಗುವವರೆಗೆ ಕೂತು ತೇಪೆ ಹಾಕುವುದಂತೂ ಸರ್ವಥಾ ಸಲ್ಲದು.

ಸೈಕಲ್ ಪಂದ್ಯಗಳಿಗೆ ಹೆಸರಾದ ವಿಜಯಪುರ, ಬಾಗಲಕೋಟೆಗಳ ಸವಾರರು ಹಗುರವಾದುದನ್ನೇ ಬಳಸುವುದಿಲ್ಲವೆ ಎಂದು ಕೇಳಬಹುದು. ಪಂದ್ಯದ ಸ್ಥಿತಿಯೇ ಬೇರೆ. ಅಲ್ಲಿ ಬಯಲು ನೆಲ, ಸೆಕೆಂಡಿಗೂ ಬೆಲೆಯುಂಟು, ಚಕ್ರವು ಕೆಟ್ಟರೆ ಬೇರೊಂದನ್ನು ಕೊಡುವವರು ಹಿಂದೆಯೇ ಇರಬಹುದು. ಒಬ್ಬಂಟಿಯಾಗಿ ಕೆರೆಕಟ್ಟೆಯನ್ನು ದಾಟುವವನ ಹಿಂದೆ ಬರುವುದು ಮಳೆಯೊಂದೇ.

ಆದಕಾರಣ ನಮ್ಮ ಸಲಹೆಯು ಇಷ್ಟು. ಅಂಚು ಹಿಡಿಯುವ ಬ್ರೇಕಿನ ಸೈಕಲ್ಲಿನಲ್ಲಿ ಘಟ್ಟದ ದಾರಿಗೆ ಹೋಗುವವರು ಎರಡು ಚಕ್ರಗಳಿಗೂ ಬ್ಯುಟೈಲನ್ನೇ ಹಾಕಲಿ. ಹಗುರದ ಆಸೆಯಿದ್ದರೆ ೭೫ ಗ್ರಾಮಿನದು ಸಾಕು. ಅದನ್ನೂ ಹಿಂದಿನ ಚಕ್ರಕ್ಕೆ ಹಾಕಿ, ಮುಂದಿನದಕ್ಕೆ ೧೦೦ ಗ್ರಾಮಿನದನ್ನು ಬಿಡಲಿ. ಮುಂದಿನ ಚಕ್ರವು ಹಠಾತ್ತನೆ ಗಾಳಿಗಳೆದರೆ ಸೈಕಲ್ಲನ್ನು ಹತೋಟಿಯಲ್ಲಿಡುವುದು ಬಹು ಕಷ್ಟ. ಡಿಸ್ಕ್ ಬ್ರೇಕುಳ್ಳವರು, ದಿನವೂ ಗಾಳಿ ತುಂಬುವ ತಾಳ್ಮೆಯಿದ್ದರೆ, ಲೇಟೆಕ್ಸಿನ ಸುಖವನ್ನು ಅನುಭವಿಸಬಹುದು. ಟಿ.ಪಿ.ಯು.ವಿಗೆ ಅತ್ಯಂತ ಯೋಗ್ಯವಾದ ಸ್ಥಾನವು ಚಕ್ರವಲ್ಲ, ಆಸನದ ಕೆಳಗಿನ ಚೀಲ! ಅಂತಹ ಎರಡು ಟ್ಯೂಬುಗಳನ್ನು ಇಟ್ಟುಕೊಂಡರೂ ಭಾರವೆನಿಸದು; ಮೊದಲನೆಯದು ಕೆಟ್ಟರೆ ಎರಡನೆಯದು ಮನೆ ಸೇರಿಸುವುದು. ಅಂಚು ಹಿಡಿಯುವ ಬ್ರೇಕಿಗೂ ಸಲ್ಲುವುದೆಂದು ಬರೆದಿರುವುದನ್ನೇ ಕೊಂಡು, ಹಾಕಿದ ಮೇಲೆ ಇಳಿಜಾರಿನಲ್ಲಿ ಮೆಲ್ಲನೆ, ನಡುನಡುವೆ ನಿಂತು ಬರತಕ್ಕದ್ದು. ಬ್ರೇಕನ್ನು ಒಂದೇ ಸಮನೆ ಸವರುತ್ತ ಇಳಿಯದೆ, ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯುವುದನ್ನು ಎಲ್ಲರೂ ಅಭ್ಯಾಸಮಾಡಬೇಕು.

ಕೊಳ್ಳುವಾಗ ನೋಡಬೇಕಾದುವು ಇನ್ನು ಮೂರು. ಮೊದಲನೆಯದು ಅಳತೆ: ಈ ಚಕ್ರದ ಅಂಚಿನ ಗುರುತು ೬೨೨, ಊರಿನ ಅಂಗಡಿಯಲ್ಲಿ ಸಿಕ್ಕುವ ಹಳೆಯ ಇಪ್ಪತ್ತೆಂಟಿಂಚಿನ ಕರಿ ಸೈಕಲ್ಲಿನದು ೬೩೫. ಒಂದರ ಟ್ಯೂಬು ಇನ್ನೊಂದಕ್ಕೆ ತಕ್ಕುದಲ್ಲ. ಅಗಲವೂ ಹೊಂದಬೇಕು, ೨೫ರವರೆಗೆ ಎಂದು ಬರೆದಿರುವುದನ್ನು ೩೨ರ ಟೈರಿಗೆ ಹಾಕಿದರೆ ಅದು ಹಿಗ್ಗಿ ಇನ್ನೂ ತೆಳುವಾಗುವುದು. ಎರಡನೆಯದು ವಾಲ್ವ್: ಪ್ರೆಸ್ಟಾ ಎಂಬ ಸಪುರ ಬಗೆಯದಾಗಿರಬೇಕು, ಅಂಚಿನ ಆಳಕ್ಕಿಂತ ಉದ್ದವಾಗಿರಬೇಕು. ಮೋಟಾರಿನ ಗಾಳಿಯಂತ್ರದಿಂದ ಅದಕ್ಕೆ ಗಾಳಿ ತುಂಬಲು ಹಿತ್ತಾಳೆಯ ಸಣ್ಣ ಬಿರಡೆಯೊಂದು ಸಿಕ್ಕುವುದು. ಅದು ಸದಾ ಚೀಲದಲ್ಲಿರಲಿ, ಜೊತೆಗೆ ಕೈಪಂಪೂ ಇರಲಿ. ಮೂರನೆಯದು ಹಾಕುವ ಕ್ರಮ: ಟಿ.ಪಿ.ಯು.ವನ್ನು ಟೈರಿನ ಹೊರಗೆ ಉಬ್ಬುವಂತೆ ತುಂಬಬಾರದು. ಒಮ್ಮೆ ಹಿಗ್ಗಿದರೆ ಅದು ಮೊದಲಿನಂತೆ ಕುಗ್ಗದು.

ಟ್ಯೂಬು ಬದಲಾಯಿಸುವುದನ್ನು ಮನೆಯ ಜಗಲಿಯಲ್ಲಿ ಎರಡು ಮೂರು ಸಲ ಮಾಡಿ ಕಲಿಯದವರನ್ನು ಘಟ್ಟಕ್ಕೆ ಕಳುಹಿಸಬೇಡಿರಿ. ಹಗುರವಾದ ಟ್ಯೂಬು ಏರಿನಲ್ಲಿ ಆರು ಸೆಕೆಂಡುಗಳನ್ನು ಉಳಿಸೀತು. ಕಲಿತ ಕೈಯಾದರೋ ಕಾಡಿನಲ್ಲಿ ಒಂದು ಸಂಜೆಯನ್ನೇ ಉಳಿಸುವುದು.